ವಿದ್ಯುತ್ ಕುರ್ಚಿಗೆ ಒಂಬತ್ತು ಮೆಟ್ಟಿಲು

1928ರ ಜನವರಿ 12ರ ರಾತ್ರಿ. ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಸೆರೆಮನೆಯಲ್ಲಿ ರೂತ್ ಸ್ನೈಡರ್ ಎಂಬಾಕೆಗೆ ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆಯಾಯಿತು. ಪ್ರಿಯಕರ ಜಡ್ ಗ್ರೇ ಜೊತೆಗೂಡಿ ಗಂಡ ಆಲ್ಬರ್ಟ್‌ನನ್ನು ಕೊಂದ ಅಪರಾಧ ಆಕೆಯದು. ಛಾಯಾಗ್ರಾಹಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೆ ಟಾಮ್ ಹೋವರ್ಡ್ ಎಂಬಾತ ಕಣಕಾಲಿಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಒಳಹೊಕ್ಕಿದ್ದ. ಮರುದಿನದ ‘ಡೈಲಿ ನ್ಯೂಸ್’ ಪತ್ರಿಕೆಯ ಮುಖಪುಟದಲ್ಲಿ ಆಕೆ ಸಾಯುವ ಕ್ಷಣದ ಚಿತ್ರ ಅಚ್ಚಾಯಿತು.

ಎಂಟೇ ತಿಂಗಳ ನಂತರ, ಸೆಪ್ಟೆಂಬರ್ 7ರಂದು, ಬ್ರಾಡ್‌ವೇಯಲ್ಲಿ ‘ಮಶಿನಾಲ್’ ನಾಟಕ ರಂಗಕ್ಕೇರಿತು. ಯಾಂತ್ರಿಕ ಎಂಬುದು ಈ ಫ್ರೆಂಚ್ ಪದದ ಅರ್ಥ. ಬರೆದವರು ಸೋಫಿ ಟ್ರೆಡ್‌ವೆಲ್ (1885–1970). ಅವರೂ ಪತ್ರಕರ್ತೆಯೇ. ಸ್ನೈಡರ್ ವಿಚಾರಣೆಗೆ ಹೋಗಿ ಕುಳಿತಿದ್ದವರು. ಪತ್ರಿಕೆ ಕೊನೆಯ ಕ್ಷಣವನ್ನು ತೋರಿಸಿದರೆ, ಟ್ರೆಡ್‌ವೆಲ್ ಅದಕ್ಕೆ ಮುಂಚಿನ ವರ್ಷಗಳನ್ನು ಒಂಬತ್ತು ದೃಶ್ಯಗಳಲ್ಲಿ ತೋರಿಸಿದರು.

ನಾಯಕಿ ಕಚೇರಿಯೊಂದರಲ್ಲಿ ಸ್ಟೆನೋಗ್ರಾಫರ್. ಸುರಂಗ ರೈಲಿನಲ್ಲಿ ಉಸಿರುಗಟ್ಟಿ ನಡುವೆಯೇ ಇಳಿದದ್ದರಿಂದ ಕೆಲಸಕ್ಕೆ ತಡವಾಗಿದೆ. ಸುತ್ತ ಟೈಪ್‌ರೈಟರ್, ಲೆಕ್ಕದ ಯಂತ್ರಗಳ ಸದ್ದು. ಯಜಮಾನನಿಗೆ ಈಕೆಯನ್ನು ಮದುವೆಯಾಗುವ ಆಸೆ. ಅವನ ಕೈ ಸೋಕಿದರೆ ಈಕೆಗೆ ಮೈ ಮುದುಡುತ್ತದೆ. ಆದರೆ ತಾಯಿಯನ್ನು ಸಾಕಬೇಕು. ಪ್ರೀತಿಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ತಾಯಿಯ ವಾದ. ಮದುವೆ ನಡೆಯುತ್ತದೆ. ಆಮೇಲೆ ಹೆರಿಗೆ ಆಸ್ಪತ್ರೆ: ಹೆತ್ತ ಮಗಳನ್ನು ನೋಡಲೂ ಆಕೆಗೆ ಮನಸ್ಸಿಲ್ಲ, ಹೊರಗೆ ಉಕ್ಕಿಗೆ ರಿವೆಟ್ ಹೊಡೆಯುವ ಸದ್ದು ನಿಲ್ಲುವುದಿಲ್ಲ.

ಪಾನನಿಷೇಧದ ಕಾಲದ ಕಳ್ಳ ಮದ್ಯದಂಗಡಿಯಲ್ಲಿ ಒಬ್ಬ ಯುವಕನ ಪರಿಚಯವಾಗುತ್ತದೆ. (ಮೊದಲ ಪ್ರಯೋಗದಲ್ಲಿ ಈ ಪಾತ್ರ ಮಾಡಿದಾತ ಮುಂದೆ ಹಾಲಿವುಡ್ ಆಳಿದ ಕ್ಲಾರ್ಕ್ ಗೇಬಲ್!) ಸೀಸೆಗೆ ಕಲ್ಲು ತುಂಬಿ ದರೋಡೆಕೋರರನ್ನು ಕೊಂದ ಕತೆಯನ್ನು ಅವನೇ ಹೇಳುತ್ತಾನೆ. ಗಂಡನನ್ನು ಆಕೆ ಕೊಲ್ಲುವುದೂ ಹಾಗೆಯೇ.

ನಿಜ ಪ್ರಕರಣದಲ್ಲಿ ಗಂಡನ ಹೆಸರಿನ ಜೀವವಿಮೆಯ ಹಣವೂ ಇತ್ತು, ಪ್ರಿಯಕರ ಕೊಲೆಯಲ್ಲಿ ಪಾಲುದಾರನಾಗಿದ್ದ. ನಾಟಕದಲ್ಲಿ ವಿಮೆಯ ಮಾತೇ ಇಲ್ಲ. ಪ್ರಿಯಕರ ಮೆಕ್ಸಿಕೋದಿಂದ ಪ್ರಮಾಣಪತ್ರ ಕಳಿಸಿ ಆಕೆಯನ್ನು ಹಿಡಿದುಕೊಡುತ್ತಾನೆ. ರೂತ್ ಸ್ನೈಡರ್‌ಳನ್ನು ಇದು ತುಸು ಹೆಚ್ಚೇ ತೊಳೆದು ತೋರಿಸಿತು ಎನ್ನಬೇಕು. ಆದರೆ ಟ್ರೆಡ್‌ವೆಲ್ ಕೈಗೆತ್ತಿಕೊಂಡದ್ದು ಒಬ್ಬಳ ಅಪರಾಧವನ್ನಷ್ಟೇ ಅಲ್ಲ. ಪಾತ್ರಪಟ್ಟಿಯಲ್ಲಿ ನಾಯಕಿ ಬರೀ ‘ಯುವತಿ’. ಹೆಸರು ಕೇಳಿಬರುವುದು ಆಕೆ ಆರೋಪಿಯಾದ ಮೇಲೆ, ನ್ಯಾಯಾಲಯದಲ್ಲಿ. ವಿಚ್ಛೇದನ ಏಕೆ ಪಡೆಯಲಿಲ್ಲ ಎಂದು ಅಲ್ಲಿ ಕೇಳಿದರೆ, ಗಂಡನಿಗೆ ಅಷ್ಟು ನೋವು ಕೊಡಲಾರದೆ ಹೋದೆ ಎನ್ನುತ್ತಾಳೆ. ಕೋರ್ಟಿನಲ್ಲಿ ನಗು. ಆಕೆ ಸುಳ್ಳು ಹೇಳುತ್ತಿಲ್ಲ ಎಂಬುದು ಏಳು ದೃಶ್ಯ ನೋಡಿದ ಪ್ರೇಕ್ಷಕನಿಗೆ ಮಾತ್ರ ಗೊತ್ತು. ಅಲ್ಲೇ ಇಬ್ಬರು ವರದಿಗಾರರು ಒಂದೇ ಘಟನೆಯನ್ನು ಒಬ್ಬರಿಗೊಬ್ಬರು ತದ್ವಿರುದ್ಧವಾಗಿ ಬರೆದುಕೊಳ್ಳುತ್ತಿರುತ್ತಾರೆ!

ಬ್ರಾಡ್‌ವೇಯಲ್ಲಿ 91 ಪ್ರದರ್ಶನ ಕಂಡ ನಾಟಕವನ್ನು 1933ರಲ್ಲಿ ತೈರೋವ್ ಮಾಸ್ಕೋದಲ್ಲಿ ಆಡಿಸಿದರು. ಬಳಿಕ ಬಹುಕಾಲ ಮರೆವು. 1990ರಲ್ಲಿ ನ್ಯೂಯಾರ್ಕ್, 1993ರಲ್ಲಿ ಲಂಡನ್ನಿನ ರಾಷ್ಟ್ರೀಯ ರಂಗಭೂಮಿ ಮತ್ತೆ ಎತ್ತಿಕೊಂಡವು. 2014ರಲ್ಲಿ ಬ್ರಾಡ್‌ವೇಗೂ ಮರಳಿತು.

ಕೊನೆಯ ದೃಶ್ಯ ಸೆರೆಮನೆ. ಭೇಟಿಗೆ ಬಂದ ತಾಯಿಯ ಮೂಲಕ ಮಗಳಿಗೆ ಏನೋ ತಿಳಿಸಲು ಹೊರಡುತ್ತಾಳೆ. ಮಾತು ಮುಗಿಯುವುದರೊಳಗೆ ಕಾವಲುಗಾರರು ಕರೆದೊಯ್ಯುತ್ತಾರೆ. ವಿದ್ಯುತ್ ಕುರ್ಚಿಯನ್ನು ಟ್ರೆಡ್‌ವೆಲ್ ತೋರಿಸುವುದಿಲ್ಲ. ರಂಗದ ಮೇಲೆ ಕತ್ತಲು. ಯಂತ್ರ ಕೆಲಸ ಮಾಡದಿದ್ದರೆ ಎಂದು ಒಬ್ಬ ವರದಿಗಾರ ಕೇಳುತ್ತಾನೆ. ಮಾಡಿಯೇ ಮಾಡುತ್ತದೆ ಎನ್ನುತ್ತಾನೆ ಇನ್ನೊಬ್ಬ.