ಪಾನೀಯದ ಕ್ಯಾನ್‌ನ ಮುಚ್ಚಳ

ಪಾನೀಯದ ಕ್ಯಾನ್‌ನ ಮುಚ್ಚಳವು ತಂಪು ಪಾನೀಯ, ಹಣ್ಣಿನ ರಸ, ಬಿಯರ್ ಮೊದಲಾದವುಗಳನ್ನು ತುಂಬಿದ ಲೋಹದ ಡಬ್ಬಿಯನ್ನು ಬೇರೆ ಉಪಕರಣದ ನೆರವಿಲ್ಲದೆ ಬೆರಳಿನಿಂದಲೇ ತೆರೆಯುವಂತೆ ರಚಿಸಿದ ಅಲ್ಯೂಮಿನಿಯಂ ಭಾಗ. ತೆರೆದಾಗ ಇದರ ಒಂದು ತುಂಡು ಒಳಕ್ಕೆ ಬಾಗಿ ಪಾನೀಯಕ್ಕೆ ತಾಗುತ್ತದೆ. ಆದುದರಿಂದ ಮುಚ್ಚಳದ ಹೊರಮೈ ಶುಚಿಯಾಗಿರುವುದು ಅಗತ್ಯ.

ಇತಿಹಾಸ

ಆರಂಭದ ಕ್ಯಾನ್‌ಗಳನ್ನು ಮೊನಚಾದ ಉಪಕರಣದಿಂದ ತೂತು ಮಾಡಿ ತೆರೆಯಬೇಕಾಗಿತ್ತು. ಅಮೆರಿಕದ ಓಹಾಯೊ ರಾಜ್ಯದ ಅರ್ಮಲ್ ಫ್ರೇಜ್ ಅವರು ಉಂಗುರ ಹಿಡಿದು ಎಳೆದು ಕೀಳುವ ಮುಚ್ಚಳಕ್ಕೆ 1963ರಲ್ಲಿ ಪೇಟೆಂಟ್ ಪಡೆದರು. ಕಿತ್ತ ಉಂಗುರಗಳನ್ನು ಜನರು ಕಂಡಲ್ಲಿ ಎಸೆದುದರಿಂದ ಬರಿಗಾಲಿಗೆ ಗಾಯಗಳಾದವು. ಉಂಗುರವನ್ನು ಕ್ಯಾನ್‌ನೊಳಗೇ ಹಾಕಿ, ಕುಡಿಯುವಾಗ ನುಂಗಿದವರೂ ಉಂಟು. 1975ರಲ್ಲಿ ರೆನಾಲ್ಡ್ಸ್ ಮೆಟಲ್ಸ್ ಕಂಪನಿಯ ಡೇನಿಯಲ್ ಕಡ್ಜಿಕ್ ರೂಪಿಸಿದ, ಕ್ಯಾನ್‌ನಿಂದ ಬೇರ್ಪಡದ ಮುಚ್ಚಳ ಬಳಕೆಗೆ ಬಂದಿತು.

ಕಾರ್ಯವಿಧಾನ

ಮುಚ್ಚಳದ ಮೇಲೆ ಬಾಯಿಯ ಆಕಾರದಲ್ಲಿ ತೆಳುವಾದ ಗೀರು ಇರುತ್ತದೆ. ಮುಚ್ಚಳದ ಲೋಹದಿಂದಲೇ ಉಬ್ಬಿಸಿದ ಗುಬುಟೊಂದು ಹಿಡಿಕೆಯನ್ನು ಹಿಡಿದಿಡುತ್ತದೆ. ಹಿಡಿಕೆಯನ್ನು ಎತ್ತಿದಾಗ ಅದು ಸನ್ನೆಯಂತೆ ವರ್ತಿಸುತ್ತದೆ: ಮೊದಲು ಗೀರು ಸ್ವಲ್ಪ ಬಿರಿದು ಅನಿಲದ ಒತ್ತಡ ಹೊರಹೋಗುತ್ತದೆ, ಅನಂತರ ಹಿಡಿಕೆಯ ತುದಿ ಬಾಯಿಯ ತುಂಡನ್ನು ಒಳಕ್ಕೆ ತಳ್ಳುತ್ತದೆ. ಗೀರು ಪೂರ್ಣ ಸುತ್ತು ಬರುವುದಿಲ್ಲವಾದ್ದರಿಂದ ತುಂಡು ಕಳಚಿ ಬೀಳುವುದಿಲ್ಲ.

ಸುರಕ್ಷತೆ

ಬಿರಿದ ಅಂಚು ಹರಿತವಾಗಿರುವುದರಿಂದ ಬಾಯಿಯೊಳಗೆ ಬೆರಳು ಹಾಕಬಾರದು. ಕುಲುಕಿದ ಅಥವಾ ಬಿಸಿಲಿನಲ್ಲಿ ಕಾದ ಕ್ಯಾನ್ ತೆರೆದಾಗ ಪಾನೀಯ ಚಿಮ್ಮುತ್ತದೆ. ಹಿಡಿಕೆಯನ್ನು ಹಿಂದೆಮುಂದೆ ಬಾಗಿಸಿದರೆ ಮುರಿದು ಬರುತ್ತದೆ. ಅದನ್ನು ಮಕ್ಕಳು ನುಂಗಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಅಲ್ಯೂಮಿನಿಯಂ ಹಗುರ ಲೋಹವಾದ್ದರಿಂದ ಎಕ್ಸ್‌-ರೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣದಿರಬಹುದು.

ನೈರ್ಮಲ್ಯ

ಗೋದಾಮು, ಲಾರಿ ಮತ್ತು ಅಂಗಡಿಗಳಲ್ಲಿ ಮುಚ್ಚಳದ ಮೇಲೆ ಧೂಳು ಕೂರುತ್ತದೆ. ಇಲಿಯ ಮೂತ್ರ ತಗುಲಿದ ಕ್ಯಾನ್‌ನಿಂದ ಕುಡಿದು ಇಲಿಜ್ವರದಿಂದ ಸತ್ತವರ ಕಥೆಗಳು ಆಗಾಗ ಹರಿದಾಡುತ್ತವೆಯಾದರೂ ಅವಕ್ಕೆ ಖಚಿತ ಆಧಾರವಿಲ್ಲ. ಈ ರೋಗದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ತೇವವಿರುವ ಮಣ್ಣು ಮತ್ತು ನೀರಿನಲ್ಲಿ ಉಳಿಯುತ್ತದೆ, ಒಣಗಿದ ಮೇಲ್ಮೈಯಲ್ಲಿ ಬಹುಕಾಲ ಬದುಕುವುದಿಲ್ಲ. ಆದರೂ ಮುಚ್ಚಳವನ್ನು ಶುದ್ಧ ನೀರಿನಲ್ಲಿ ತೊಳೆದು ಒರೆಸುವುದು, ಲೋಟಕ್ಕೆ ಬಗ್ಗಿಸಿ ಅಥವಾ ಸ್ಟ್ರಾ ಹಾಕಿ ಕುಡಿಯುವುದು ಒಳ್ಳೆಯದು. ಐಸ್ ಪೆಟ್ಟಿಗೆಯ ಕರಗಿದ ನೀರನ್ನು ಶುದ್ಧವೆಂದು ಭಾವಿಸಬಾರದು.

ಗೋಲಿ ಸೋಡಾದೊಡನೆ ಹೋಲಿಕೆ

ಕರ್ನಾಟಕದಲ್ಲಿ ಚಿರಪರಿಚಿತವಾದ ಗೋಲಿ ಸೋಡಾ ಬಾಟಲಿಯನ್ನು ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ರೂಪಿಸಿದರು. ಅನಿಲದ ಒತ್ತಡವು ಗಾಜಿನ ಗೋಲಿಯನ್ನು ರಬ್ಬರ್ ಬಳೆಗೆ ಅದುಮಿ ಹಿಡಿಯುತ್ತದೆ. ಗೋಲಿಯನ್ನು ಹೊರಗಿನಿಂದ ಒತ್ತಿ ತೆರೆಯುವುದರಿಂದ ಇಲ್ಲಿಯೂ ಹೊರಮೈ ಪಾನೀಯಕ್ಕೆ ತಾಗುತ್ತದೆ. ಬೆರಳಿಗಿಂತ ತೊಳೆದ ಮರದ ಒತ್ತುಗೆಯನ್ನು ಬಳಸುವುದು ಉತ್ತಮ. ಬಾಟಲಿಗಳನ್ನು ಮತ್ತೆ ಮತ್ತೆ ತುಂಬುವುದರಿಂದ ಇಕ್ಕಟ್ಟಾದ ಕೊರಳನ್ನೂ ರಬ್ಬರ್ ಬಳೆಯನ್ನೂ ಚೆನ್ನಾಗಿ ತೊಳೆಯಬೇಕು.

ಚಾಮರಾಜನಗರ ಜಿಲ್ಲೆಯಲ್ಲಿ

ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿಯ ಕಡೆಗೆ ಸಾಗುವ 181 ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾಯುತ್ತವೆ. ಚಾಮರಾಜನಗರದ ಮೂಲಕ ಹೋಗುವ 948 ಸತ್ಯಮಂಗಲದ ಕಾಡನ್ನು ದಾಟುತ್ತದೆ. ಬೇರ್ಪಡದ ಮುಚ್ಚಳದಿಂದ ಉಂಗುರದ ಕಸ ತಪ್ಪಿದರೂ, ವಾಹನದಿಂದ ಎಸೆದ ಕ್ಯಾನ್‌ನ ಹರಿತ ಬಾಯಿ ಕಾಡುಪ್ರಾಣಿಗಳಿಗೂ ದನಕರುಗಳಿಗೂ ಅಪಾಯಕಾರಿ. ಅಲ್ಯೂಮಿನಿಯಂ ಮಣ್ಣಿನಲ್ಲಿ ಬೇಗ ಕರಗುವುದಿಲ್ಲ, ಆದರೆ ಪುನಃ ಕರಗಿಸಿ ಹೊಸ ಕ್ಯಾನ್ ಮಾಡಬಹುದು. ಆದ್ದರಿಂದ ಖಾಲಿ ಕ್ಯಾನ್‌ಗಳನ್ನು ವಾಹನದಲ್ಲೇ ಇಟ್ಟುಕೊಂಡು, ಊರು ತಲುಪಿದ ಮೇಲೆ ಒಣಕಸಕ್ಕೆ ಅಥವಾ ಗುಜರಿಗೆ ಹಾಕುವುದು ಸೂಕ್ತ.