ಶಾಲೆಯ ಬಿಸಿಯೂಟಕ್ಕೆ ಅರ್ಜಿ, ಬಿಪಿಎಲ್ ಕಾರ್ಡ್, ಆಧಾರ್ ಬೇಕೇ? ಕೊಡಗಿನ ಪೋಷಕರಿಗೆ ಗೊತ್ತಿರಬೇಕಾದ ನಿಜಾಂಶ

"ಬಿಸಿಯೂಟಕ್ಕೂ ಅರ್ಜಿ ಹಾಕಬೇಕಂತೆ." "ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಮಗುವಿಗೆ ಊಟ ಕೊಡಲ್ವಂತೆ." "ಆಧಾರ್ ಕೊಡದಿದ್ದರೆ ಪಟ್ಟಿಯಿಂದ ಹೆಸರು ತೆಗೀತಾರಂತೆ."

ಇಂಥ ಅಂತೆಕಂತೆಗಳು ನಿಮ್ಮ ಕಿವಿಗೆ ಬಿದ್ದರೆ ಅಥವಾ ಮೊಬೈಲ್‌ಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನೊಮ್ಮೆ ಓದಿ. ದಾಖಲೆಗಳೆಲ್ಲ ಸರಿಯಾಗಿರುವ ಕುಟುಂಬಕ್ಕೆ ಇದು ಸಣ್ಣ ಗೊಂದಲ. ಕಾಫಿ ತೋಟದ ಲೈನ್‌ಮನೆಯಲ್ಲೋ ಹಾಡಿಯಲ್ಲೋ ಇರುವ, ಕೈಯಲ್ಲಿ ಒಂದು ಕಾಗದವೂ ಇಲ್ಲದ ಕುಟುಂಬ ಇದನ್ನು ನಂಬಿದರೆ, ಮಗುವನ್ನು ಶಾಲೆಗೆ ಸೇರಿಸಲೇ ಹಿಂಜರಿಯಬಹುದು.

ಚುಟುಕಾಗಿ ಉತ್ತರ

ಬೇಡ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗಿನ ಮಕ್ಕಳಿಗೆ ಬಿಸಿಯೂಟ ಉಚಿತ. ಅದಕ್ಕೆ ಪ್ರತ್ಯೇಕ ಅರ್ಜಿ ಇಲ್ಲ. ರೇಷನ್ ಕಾರ್ಡಿನ ಬಣ್ಣವಾಗಲಿ, ಅಪ್ಪ ಅಮ್ಮನ ಆದಾಯವಾಗಲಿ, ಜಾತಿಯಾಗಲಿ, ಊರಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಮಗು ಆ ಶಾಲೆಗೆ ದಾಖಲಾಗಿದ್ದು ಆ ದಿನ ಹಾಜರಿದ್ದರೆ ಸಾಕು. ಬೆಳಿಗ್ಗೆ ಹಾಜರಿ ತೆಗೆದುಕೊಂಡು, ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕದ ಮೇಲೆ ಅಕ್ಕಿ ಅಳೆಯುತ್ತಾರೆ.

ಈ ವ್ಯವಸ್ಥೆ ಎಲ್ಲಿಂದ ಬಂತು?

ಕೇಂದ್ರ ಸರ್ಕಾರ ಶಾಲಾ ಆಹಾರ ಯೋಜನೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಆಗ ಹೆಚ್ಚಿನ ರಾಜ್ಯಗಳಲ್ಲಿ ಬೇಯಿಸಿದ ಊಟ ಇರಲಿಲ್ಲ. ಶೇ 80ರಷ್ಟು ಹಾಜರಾತಿ ಇರುವ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು. ಮನೆಗೆ ಹೋದ ಅಕ್ಕಿ ಮನೆಯವರೆಲ್ಲರ ಪಾತ್ರೆಗೆ ಸೇರುತ್ತಿತ್ತು. ಮಗುವಿನ ಮಧ್ಯಾಹ್ನದ ಹಸಿವು ಮಾತ್ರ ಹಾಗೇ ಉಳಿಯುತ್ತಿತ್ತು.

2001ರ ನವೆಂಬರ್ 28ರಂದು, ಪಿಯುಸಿಎಲ್ ಸಂಘಟನೆ ಹೂಡಿದ್ದ ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ಆದೇಶ ನೀಡಿತು. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ಕೊಡಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂದಿತು. ಆ ಆದೇಶ ಹೇಳಿದ್ದು 'ಪ್ರತಿಯೊಂದು ಮಗು' ಎಂದು, 'ಪ್ರತಿಯೊಂದು ಬಡ ಮಗು' ಎಂದಲ್ಲ. ಅರ್ಜಿಯ ಅಗತ್ಯ ಇಲ್ಲವಾದದ್ದು ಇಲ್ಲಿಯೇ.

ಕರ್ನಾಟಕದಲ್ಲಿ 'ಅಕ್ಷರ ದಾಸೋಹ' 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಕೊಡಗೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಬಂತು. 2004ರಲ್ಲಿ 6 ಮತ್ತು 7ನೇ ತರಗತಿಗೆ, 2007-08ರಲ್ಲಿ ಪ್ರೌಢಶಾಲೆಗೆ ವಿಸ್ತರಣೆಯಾಯಿತು. ಹೆಸರೂ ಸುಮ್ಮನೆ ಇಟ್ಟದ್ದಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರ ಮುಂದೆ ಎಲೆ ಹಾಕುತ್ತಾರೆಯೇ ಹೊರತು ಆದಾಯ ಪ್ರಮಾಣಪತ್ರ ತಂದಿದ್ದೀರಾ ಎಂದು ಯಾರೂ ಕೇಳುವುದಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಈ ಊಟವನ್ನು ಕಾನೂನಿನ ಹಕ್ಕಾಗಿ ಮಾಡಿತು. 8ನೇ ತರಗತಿವರೆಗಿನ ಮಕ್ಕಳಿಗೆ ಶಾಲಾ ರಜೆ ಬಿಟ್ಟು ಉಳಿದೆಲ್ಲ ದಿನ ಒಂದು ಉಚಿತ ಊಟ ಸಿಗಬೇಕು. ಕಿರಿಯ ಪ್ರಾಥಮಿಕ ಮಕ್ಕಳ ಊಟದಲ್ಲಿ 450 ಕಿಲೋ ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದವರಿಗೆ 700 ಕಿಲೋ ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕು. 9 ಮತ್ತು 10ನೇ ತರಗತಿಯ ಊಟ ರಾಜ್ಯ ಸರ್ಕಾರದ ಸ್ವಂತ ಖರ್ಚಿನದು. 2021ರಲ್ಲಿ ಕೇಂದ್ರ ಯೋಜನೆಯ ಹೆಸರು 'ಪಿಎಂ ಪೋಷಣ್' ಎಂದು ಬದಲಾಯಿತು. ಹೆಸರು ಬದಲಾದ ಮಾತ್ರಕ್ಕೆ ಮತ್ತೆ ನೋಂದಾಯಿಸಿಕೊಳ್ಳಬೇಕಿಲ್ಲ.

ಆಧಾರ್ ಮಾತು ಎಲ್ಲಿಂದ ಹುಟ್ಟಿತು?

ಇದು ಪೂರ್ತಿ ಕಟ್ಟುಕಥೆಯಲ್ಲ, ಅರ್ಧ ಸತ್ಯ. 2017ರ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಸರ್ಕಾರ ಬಿಸಿಯೂಟಕ್ಕೆ ಆಧಾರ್ ಜೋಡಿಸುವ ಅಧಿಸೂಚನೆ ಹೊರಡಿಸಿತ್ತು. ದೇಶದ ಎಲ್ಲೆಡೆ ವಿರೋಧ ಬಂದ ಮೇಲೆ, ಆಧಾರ್ ಇಲ್ಲವೆಂದು ಯಾರಿಗೂ ಸೌಲಭ್ಯ ನಿಲ್ಲಿಸುವುದಿಲ್ಲ ಎಂದು ಮಾರ್ಚ್ ತಿಂಗಳಲ್ಲಿ ಸ್ಪಷ್ಟನೆ ಕೊಟ್ಟಿತು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಖಚಿತವಾಗಿ ಹೇಳಿತು. ಯಾವುದೋ ಕಾರಣಕ್ಕೆ ಮಗು ಆಧಾರ್ ಸಂಖ್ಯೆ ಕೊಡಲಾಗದಿದ್ದರೆ, ಅದಕ್ಕಾಗಿ ಯೋಜನೆಯ ಪ್ರಯೋಜನ ನಿರಾಕರಿಸುವಂತಿಲ್ಲ. ಶಾಲಾ ಪ್ರವೇಶಕ್ಕೂ ಆಧಾರ್ ಕಡ್ಡಾಯವಲ್ಲ. ಹಳೆಯ ಅಧಿಸೂಚನೆಯ ಸುದ್ದಿ ಮಾತ್ರ ಹರಿದಾಡಿದರೆ ಓದಿದವರಿಗೆ ಮುಂದೇನಾಯಿತು ಎಂಬುದು ಗೊತ್ತಾಗುವುದೇ ಇಲ್ಲ.

ಹಾಗಾದರೆ ಶಾಲೆಯವರು ಕಾಗದ ಕೇಳುವುದೇಕೆ?

ಕೇಳುತ್ತಾರೆ, ಆದರೆ ಊಟಕ್ಕಲ್ಲ. ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಹಾಸ್ಟೆಲ್ ಪ್ರವೇಶಕ್ಕೆ ಅರ್ಜಿ ಹಾಕಬೇಕು. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಗೆ ಮಗುವಿನ ವಿವರ ತುಂಬಬೇಕು. ಇವೆಲ್ಲವನ್ನೂ ಕೇಳುವವರು ಅದೇ ಮೇಷ್ಟ್ರು, ಅದೇ ಆಫೀಸು ಕೋಣೆಯಲ್ಲಿ. ಹಾಗಾಗಿ 'ಕಾಗದ ಕೊಡದಿದ್ದರೆ ಊಟವೂ ಇಲ್ಲ' ಎಂದು ಅಂದುಕೊಳ್ಳುವುದು ಸಹಜ. ಊಟಕ್ಕೆ ಸಂಬಂಧಿಸಿ ಶಾಲೆ ಕೇಳಬಹುದಾದ ಒಂದು ಪ್ರಶ್ನೆ ಇದೆ: ನಿಮ್ಮ ಮಗು ಮೊಟ್ಟೆ ತಿನ್ನುತ್ತದೆಯೇ? ತಿನ್ನದ ಮಗುವಿಗೆ ಬಾಳೆಹಣ್ಣಿನಂಥ ಬದಲಿ ಕೊಡಲು ಅದು ಬೇಕು. ಇದು ಆಯ್ಕೆಯ ಪ್ರಶ್ನೆ, ಅರ್ಹತೆಯದಲ್ಲ.

ಅರ್ಜಿ ಇಟ್ಟಿದ್ದರೆ ಕೊಡಗಿನಲ್ಲಿ ಏನಾಗುತ್ತಿತ್ತು?

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಕಾಫಿ ಕೊಯ್ಲಿನ ಹೊತ್ತಿಗೆ ಬೇರೆ ಜಿಲ್ಲೆಯಿಂದಲೋ, ಅಸ್ಸಾಂನಂಥ ದೂರದ ರಾಜ್ಯದಿಂದಲೋ ಸಿದ್ದಾಪುರದ ಕಡೆಯ ತೋಟಕ್ಕೆ ಬಂದಿದೆ. ರೇಷನ್ ಕಾರ್ಡ್ ಊರಲ್ಲಿದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಹೋದರೂ ಇಲ್ಲಿನ ವಿಳಾಸಕ್ಕೆ ಪುರಾವೆ ಇಲ್ಲ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಕೊಯ್ಲೇ ಮುಗಿದು, ಕುಟುಂಬ ಇನ್ನೊಂದು ತೋಟಕ್ಕೆ ಹೊರಟಿರುತ್ತದೆ. ತಿತಿಮತಿ, ಕುಟ್ಟದ ಕಡೆಯ ಹಾಡಿಗಳಲ್ಲಿರುವ ಜೇನುಕುರುಬ, ಯರವ ಕುಟುಂಬಗಳಿಗೂ ಕಾಗದಪತ್ರದ ಕಷ್ಟ ಹೊಸದಲ್ಲ. ಅರ್ಜಿಯ ಜರಡಿ ಹಿಡಿದರೆ ಮೊದಲು ಕೆಳಗೆ ಬೀಳುವುದು ಯಾರಿಗೆ ಊಟ ಅತಿ ಹೆಚ್ಚು ಬೇಕೋ ಆ ಮಕ್ಕಳೇ.

ಎರಡನೆಯದು ಮರ್ಯಾದೆ. ಅರ್ಧ ತರಗತಿಗೆ ಊಟ, ಉಳಿದರ್ಧಕ್ಕೆ ಇಲ್ಲ ಎಂದಾದರೆ ತಟ್ಟೆ ಹಿಡಿದ ಮಗುವಿಗೆ 'ಬಡವರ ಮನೆಯದು' ಎಂಬ ಹಣೆಪಟ್ಟಿ ಬೀಳುತ್ತದೆ. ಹಸಿದರೂ ಪರವಾಗಿಲ್ಲ, ನಾನು ಆ ಸಾಲಿನಲ್ಲಿ ಕೂರಲ್ಲ ಎನ್ನುವ ವಯಸ್ಸು ಅದು. ಎಲ್ಲರೂ ಉಣ್ಣುವಾಗ ಆ ಪ್ರಶ್ನೆಯೇ ಏಳುವುದಿಲ್ಲ. ಸಣ್ಣ ಬೆಳೆಗಾರರ ಮಗು, ತೋಟದ ಕಾರ್ಮಿಕರ ಮಗು ಅಕ್ಕಪಕ್ಕ ಕೂತು ಒಂದೇ ಸಾಂಬಾರು ಉಣ್ಣುತ್ತವೆ.

ಮೂರನೆಯದು ಮೇಷ್ಟ್ರ ಸಮಯ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಅರ್ಜಿ ಪರಿಶೀಲನೆ, ನವೀಕರಣ, ತಕರಾರು ಎಂದು ಕೂತರೆ ಪಾಠ ಯಾರು ಮಾಡಬೇಕು?

ಹೊರದೇಶಗಳು ಏನು ಕಲಿತವು?

ಅಮೆರಿಕದಲ್ಲಿ ದಶಕಗಳಿಂದ ಕುಟುಂಬಗಳು ಪ್ರತಿ ವರ್ಷ ಆದಾಯದ ವಿವರ ಬರೆದು ಅರ್ಜಿ ಕೊಡುವ ಪದ್ಧತಿ ಇತ್ತು. ಅದರ ಮೇಲೆ ಮಗುವಿಗೆ ಉಚಿತವೋ, ರಿಯಾಯಿತಿಯೋ, ಪೂರ್ತಿ ದುಡ್ಡೋ ಎಂದು ನಿರ್ಧಾರವಾಗುತ್ತಿತ್ತು. ಅರ್ಜಿ ತುಂಬದ ಕುಟುಂಬದ ಮಗು ಅರ್ಹವಿದ್ದರೂ ದುಡ್ಡು ಕೊಡಬೇಕು, ಇಲ್ಲದಿದ್ದರೆ ಊಟದ ಸಾಲ ಹೆಸರಿಗೆ ಏರುತ್ತಿತ್ತು. 2010ರ ಕಾನೂನು ಇನ್ನೊಂದು ದಾರಿ ತೆರೆಯಿತು. ಈಗಾಗಲೇ ಬೇರೆ ಸರ್ಕಾರಿ ನೆರವಿನ ಪಟ್ಟಿಯಲ್ಲಿರುವ ಮಕ್ಕಳ ಪ್ರಮಾಣ ಒಂದು ಮಟ್ಟ ದಾಟಿದರೆ ಇಡೀ ಶಾಲೆಗೇ ಉಚಿತ ಊಟ ಕೊಡಬಹುದು, ಮನೆಮನೆಯ ಅರ್ಜಿ ಬೇಡ. ಆ ಮಟ್ಟ ಮೊದಲು ಶೇ 40 ಇತ್ತು, 2023ರಲ್ಲಿ ಶೇ 25ಕ್ಕೆ ಇಳಿಸಿದರು. ಈಗಲೂ ಅಲ್ಲಿ ಎಲ್ಲ ಶಾಲೆಗಳೂ ಇದರೊಳಗೆ ಬಂದಿಲ್ಲ. ಫಿನ್ಲೆಂಡ್ 1948ರಿಂದಲೇ ಎಲ್ಲ ಶಾಲಾ ಮಕ್ಕಳಿಗೂ ಉಚಿತ ಊಟ ಕೊಡುತ್ತಿದೆ. ಈ ವಿಷಯದಲ್ಲಿ ಪೊನ್ನಂಪೇಟೆಯ ಸರ್ಕಾರಿ ಶಾಲೆಯ ಮಗುವಿನ ಸ್ಥಿತಿ ಅಮೆರಿಕದ ಅನೇಕ ಮಕ್ಕಳಿಗಿಂತ ಸರಳ.

ಉಳ್ಳವರ ಮಕ್ಕಳಿಗೂ ಊಟ ಹಾಕುವುದು ದಂಡವಲ್ಲವೇ?

ಕೇಳಬೇಕಾದ ಪ್ರಶ್ನೆಯೇ. ಆದರೆ ಯೋಚಿಸಿ: ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಯೋಜನೆ ಇಲ್ಲ. ಅಲ್ಲಿನ ಶುಲ್ಕ ಕಟ್ಟಬಲ್ಲವರಲ್ಲಿ ಹೆಚ್ಚಿನವರು ಆಗಲೇ ಹೊರಗೆ ಉಳಿದಿದ್ದಾರೆ. ಮನೆಗಳನ್ನು ಜರಡಿ ಹಿಡಿಯುವ ಬದಲು ಶಾಲೆಯನ್ನೇ ಆರಿಸಿಕೊಂಡಂತಾಯಿತು. ಉಳಿದ ಬೆರಳೆಣಿಕೆಯವರನ್ನು ಹುಡುಕಿ ತೆಗೆಯಲು ಹೋದರೆ ಅದಕ್ಕೂ ಖರ್ಚಿದೆ, ನಿಜವಾಗಿ ಹಸಿದ ಮಗು ತಪ್ಪಿಹೋಗುವ ಅಪಾಯವೂ ಇದೆ.

ಲಾಭವಂತೂ ಒಂದು ಹೊತ್ತಿನ ಹೊಟ್ಟೆಗೆ ನಿಲ್ಲುವುದಿಲ್ಲ. 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 1993ರಿಂದ 2016ರವರೆಗಿನ ಭಾರತದ ಸಮೀಕ್ಷೆಗಳನ್ನು ಪರಿಶೀಲಿಸಿತು. ಬಾಲ್ಯದಲ್ಲಿ ಬಿಸಿಯೂಟದ ವ್ಯವಸ್ಥೆ ಸಿಕ್ಕಿದ್ದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ, ಅವರ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವ ಸಮಸ್ಯೆ ಕಡಿಮೆ ಇತ್ತು.

ಅರ್ಜಿ ಇಲ್ಲ ಎಂದರೆ ಅಡ್ಡಿಯೇ ಇಲ್ಲವೇ?

ಇದೆ. ಊಟ ಸಿಗುವುದು ಶಾಲೆಯಲ್ಲಿ. ಶಾಲೆಗೆ ಸೇರದ ಮಗುವಿಗೆ, ಸೇರಿದರೂ ಬರಲಾಗದ ಮಗುವಿಗೆ ಈ ತಟ್ಟೆ ಸಿಗುವುದಿಲ್ಲ. ತೋಟದಿಂದ ಶಾಲೆಗೆ ದೂರದ ದಾರಿ, ದಾರಿಯಲ್ಲಿ ಕಾಡಾನೆ ಭಯ, ಕೊಯ್ಲಿನ ಕಾಲದಲ್ಲಿ ಊರೂರು ಬದಲಾಗುವ ಬದುಕು, ಇವು ಕೊಡಗಿನ ನಿಜವಾದ ಅಡ್ಡಿಗಳು. ಮುಂಗಾರಿನಲ್ಲಿ ಜಿಲ್ಲಾಡಳಿತ ಮಳೆ ರಜೆ ಕೊಟ್ಟ ದಿನ ಶಾಲೆಯೂ ಇಲ್ಲ, ಊಟವೂ ಇಲ್ಲ. ರಜೆಯ ದಿನಕ್ಕೆ ಕಾನೂನು ಅನ್ವಯಿಸದು.

ಆದರೆ ಸೇರುವ ಬಾಗಿಲು ವರ್ಷವಿಡೀ ತೆರೆದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ಹಳೆಯ ಶಾಲೆಯ ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಬಾಗಿಲು ಮುಚ್ಚುವಂತಿಲ್ಲ. ಡಿಸೆಂಬರ್‌ನಲ್ಲಿ ತೋಟಕ್ಕೆ ಬಂದ ಮಗುವೂ ಸೇರಿದ ದಿನವೇ ಪಂಕ್ತಿಯಲ್ಲಿ ಕೂರಬಹುದು.

ಊಟ ಕೊಡದಿದ್ದರೆ ಏನು ಮಾಡಬೇಕು?

ಮೊದಲು ಮುಖ್ಯ ಶಿಕ್ಷಕರನ್ನು ಕೇಳಿ. ಮಾತಿನಲ್ಲೇ ಬಗೆಹರಿಯುವ ಗೊಂದಲಗಳೇ ಹೆಚ್ಚು. ನಂತರ ಎಸ್‌ಡಿಎಂಸಿ ಸದಸ್ಯರು. ಅಲ್ಲಿಯೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ಬರೆದುಕೊಡಿ. ಅದರ ಮೇಲೆ ಮಡಿಕೇರಿಯ ಜಿಲ್ಲಾ ಪಂಚಾಯಿತಿ ಇದೆ. ಮಗುವನ್ನು ಬೇಕೆಂದೇ ಹೊರಗಿಟ್ಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

2015ರ ನಿಯಮಗಳೂ ನಿಮ್ಮ ಪರವಾಗಿವೆ. ಬಡಿಸುವ ಮುನ್ನ ಶಿಕ್ಷಕರೊಬ್ಬರಾದರೂ ಊಟದ ರುಚಿ ನೋಡಿರಬೇಕು. ಶಾಲೆ ನಡೆದ ದಿನ ಅಕ್ಕಿ, ಹಣ, ಇಂಧನ ಅಥವಾ ಅಡುಗೆಯವರು ಇಲ್ಲವೆಂದು ಊಟ ತಪ್ಪಿದರೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಿಗಬೇಕು. ಸತತ 3 ಶಾಲಾ ದಿನ ಅಥವಾ ತಿಂಗಳಲ್ಲಿ 5 ದಿನ ಊಟ ತಪ್ಪಿದರೆ ರಾಜ್ಯ ಸರ್ಕಾರ ಹೊಣೆ ಯಾರದೆಂದು ಗುರುತಿಸಿ ಕ್ರಮ ಕೈಗೊಳ್ಳಬೇಕು.

ಗ್ರೂಪ್‌ಗೆ ಕಳಿಸುವುದಾದರೆ ಇದನ್ನು ಕಳಿಸಿ

• ಸರ್ಕಾರಿ, ಅನುದಾನಿತ ಶಾಲೆಯಲ್ಲಿ 1ರಿಂದ 10ನೇ ತರಗತಿವರೆಗೆ ಬಿಸಿಯೂಟ ಉಚಿತ. ಅರ್ಜಿ ಬೇಡ.
• ಎಪಿಎಲ್, ಬಿಪಿಎಲ್ ಎಂಬ ಭೇದ ಇಲ್ಲ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ಮಗುವಿಗೂ ಊಟ ಇದೆ.
• ಆಧಾರ್ ಇಲ್ಲವೆಂದು ಊಟ ನಿಲ್ಲಿಸುವಂತಿಲ್ಲ.
• ವರ್ಷದ ಮಧ್ಯೆ ಬಂದ ಮಗುವನ್ನೂ ಶಾಲೆಗೆ ಸೇರಿಸಿಕೊಳ್ಳಬೇಕು.
• ಬಿಸಿಯೂಟದ ಅರ್ಜಿ ಎಂದು ಯಾರಾದರೂ ದುಡ್ಡು, ಒಟಿಪಿ ಅಥವಾ ಬ್ಯಾಂಕ್ ವಿವರ ಕೇಳಿದರೆ ಕೊಡಬೇಡಿ, ಶಾಲೆಗೆ ತಿಳಿಸಿ.

ನಿಮ್ಮ ತೋಟದ ಲೈನ್‌ಮನೆಯಲ್ಲಿ ಶಾಲೆಗೆ ಹೋಗದ ಮಗು ಇದ್ದರೆ, ಮೊಬೈಲ್ ಇಲ್ಲದ ಆ ಅಪ್ಪ ಅಮ್ಮನಿಗೆ ಇದನ್ನು ಬಾಯಿಮಾತಿನಲ್ಲೇ ಹೇಳಿ.