ಅಧ್ಯಾಪಕ ಶಿಕ್ಷಣದ ತಳಹದಿ: ಒಂದು ಚಾರಿತ್ರಿಕ ನೋಟ

ಊರವರು ಕೊಡುವ ಕಾಳುಕಡಿಯನ್ನು ನಂಬಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠದ ಅಯ್ಯನವರು ಬೋಧನೆಯನ್ನು ತಮ್ಮ ಗುರುವನ್ನು ನೋಡಿಯೇ ಕಲಿಯುತ್ತಿದ್ದರು. ಇಂಥ ದೇಶೀ ಶಾಲೆಗಳಲ್ಲಿ ಕಾಣುತ್ತಿದ್ದ, ದೊಡ್ಡ ವಿದ್ಯಾರ್ಥಿಯು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಮದರಾಸಿನ ಅನಾಥಾಲಯದಲ್ಲಿ ಅಳವಡಿಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ವಿವರವನ್ನು ಪ್ರಕಟಿಸಿದ ಬಳಿಕ, ಅದು ಇಂಗ್ಲೆಂಡಿನಲ್ಲಿಯೂ ಹರಡಿತು.

ಶಿಕ್ಷಕರಿಗೆ ಪ್ರತ್ಯೇಕ ತರಬೇತಿ ಬೇಕೆಂಬ ವಿಚಾರವು 1854ರ ವುಡ್ ಶಿಕ್ಷಣ ಸುತ್ತೋಲೆಯಿಂದ ಸರ್ಕಾರದ ನೀತಿಯಾಗಿ, ನಾರ್ಮಲ್ ಸ್ಕೂಲುಗಳು, ಅಂದರೆ ಪಾಠ ಹೇಳುವ ಕ್ರಮವನ್ನು ಭಾವಿ ಶಿಕ್ಷಕರಿಗೆ ಕಲಿಸುವ ಶಾಲೆಗಳು, ಬೆಳೆದವು. ಧಾರವಾಡದ ಇಂಥ ಶಾಲೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು, ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ, ಕನ್ನಡ ಶಾಲೆಗಳನ್ನೂ ಅವುಗಳಿಗೆ ಬೇಕಾದ ಶಿಕ್ಷಕರನ್ನೂ ಒಟ್ಟಿಗೆ ಬೆಳೆಸಲು ಶ್ರಮಿಸಿದರು.

1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಬೋಧನೆಯ ತತ್ತ್ವ ಹಾಗೂ ಪ್ರಯೋಗಗಳೆರಡರಲ್ಲೂ ಪರೀಕ್ಷೆ ನಡೆಸಬೇಕೆಂದು ಶಿಫಾರಸು ಮಾಡಿದ್ದರಿಂದ, ಕೇವಲ ವಿಷಯಜ್ಞಾನ ಸಾಲದೆಂಬ ನಿಲುವು ಬಲಗೊಂಡಿತು. ಶಿಕ್ಷಣದ ಗುರಿಯನ್ನು ವಿಚಾರಿಸುವ ತತ್ತ್ವಶಾಸ್ತ್ರ, ಮಗು ಕಲಿಯುವ ಬಗೆಯನ್ನು ವಿವರಿಸುವ ಮನಶ್ಶಾಸ್ತ್ರ, ಶಾಲೆ ಮತ್ತು ಸಮಾಜಗಳ ಸಂಬಂಧವನ್ನು ಪರಿಶೀಲಿಸುವ ಸಮಾಜಶಾಸ್ತ್ರ, ಇವು ಇಂದು ಶಿಕ್ಷಣದ ತಳಹದಿಗಳೆಂದು ಬಿ.ಎಡ್. ಪಠ್ಯಕ್ರಮದಲ್ಲಿ ಸೇರಿವೆ. ಬೋಧನಾ ಕೌಶಲವು ಹೇಗೆ ಕಲಿಸಬೇಕೆಂಬುದನ್ನು ಮಾತ್ರ ಹೇಳುತ್ತದೆಯಾದ್ದರಿಂದ, ಏಕೆ ಮತ್ತು ಯಾರಿಗೆ ಎಂಬ ಪ್ರಶ್ನೆಗಳನ್ನೆತ್ತುವ ಈ ತಳಹದಿಗಳ ಅಧ್ಯಯನವಿಲ್ಲದೆ ಅಧ್ಯಾಪಕ ಶಿಕ್ಷಣ ಪೂರ್ಣವಾಗದು.